ಕೂಲರ್ ಮೇಲಿನ ‘ಕೂಲ್’ ಗುಂಡಿ: ಬಳ್ಳಾರಿಯಲ್ಲಿ ಒಂದು ಬೇಸಿಗೆ ಕಳೆದ ಮೇಲೆ

ಮಾರ್ಚ್ ಕೊನೆಯಲ್ಲಿ ಮನೆಗೆ ಒಂದು ಏರ್ ಕೂಲರ್ ತಂದೆವು. ಈಗ ಜುಲೈ. ನಾಲ್ಕು ತಿಂಗಳು ಬಳಸಿ, ಬೈದು, ಹೊಗಳಿ, ಮತ್ತೆ ಬೈದು ಆದಮೇಲೆ ಇದನ್ನು ಬರೆಯುತ್ತಿದ್ದೇನೆ. ಕಂಪನಿ ಹೆಸರೂ ಬೇಡ, ಅಂಗಡಿ ಹೆಸರೂ ಬೇಡ. ಆ ಅಂಗಡಿ ಮುಂದೆಯೇ ದಿನಾ ಓಡಾಡಬೇಕು ನಾನು. ಅದೂ ಅಲ್ಲದೆ ಈ ದರದ ಕೂಲರ್‌ಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಥರ. ಒಂದು ಫ್ಯಾನು, ಒಂದು ಪಂಪು, ನೀರು ಹೀರಿಕೊಳ್ಳುವ ಮೂರು ಪ್ಯಾಡು, ಒಂದು ನೀರಿನ ತೊಟ್ಟಿ, ಅಷ್ಟೇ.

ನಮ್ಮದು 75 ಲೀಟರ್ ಟ್ಯಾಂಕಿನದು, 190 ವ್ಯಾಟ್, ಕೊಟ್ಟಿದ್ದು 11,800 ರೂಪಾಯಿ. ಡಬ್ಬದ ಮೇಲೆ ‘ಕೂಲ್’ ಅನ್ನೋ ಪದ ಎಷ್ಟು ಸಲ ಇದೆ ಅಂತ ಮಗ ಎಣಿಸಿದ. ಹದಿನಾಲ್ಕು ಸಲ. ಸೂಪರ್ ಕೂಲ್, ಡಬಲ್ ಕೂಲ್, ಐಸ್ ಕೂಲ್, ಎಲ್ಲಾ ಇದೆ. ಒಂದು ಕಡೆ ಹಿಮದ ಬೆಟ್ಟದ ಚಿತ್ರ, ಅದರ ಮುಂದೆ ಸ್ವೆಟರ್ ಹಾಕಿಕೊಂಡು ನಗುತ್ತಿರುವ ಒಂದು ಸಂಸಾರ. ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಸ್ವೆಟರ್!

ಡಬ್ಬ ಬಿಚ್ಚಿ ನಿಲ್ಲಿಸಿದ ಮೇಲೆ ಅತ್ತೆ ಬಂದು ಗುಂಡಿಗಳನ್ನು ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಒಂದೊಂದಾಗಿ ಕೇಳಿದರು. ಇದು ಫ್ಯಾನಿನ ಸ್ಪೀಡು, ಇದು ಗಾಳಿ ಆಕಡೆ ಈಕಡೆ ತಿರುಗುವುದಕ್ಕೆ ಅಂದೆ. ಇನ್ನೊಂದು ಗುಂಡಿಯ ಕೆಳಗೆ ‘ಕೂಲ್’ ಅಂತ ಇತ್ತು. “ಇದು ತಂಪು ಅತ್ತೆ” ಅಂದೆ. ಅವರು ಒತ್ತಿದರು. ಏನೂ ಆಗಲಿಲ್ಲ. ಮುಖದ ಮೇಲೆ ಅದೇ ಬಿಸಿ ಗಾಳಿ. “ತಂಪು ಅಂದಿ, ಇದು ಒಲಿ ಊದಿದಂಗೆ ಐತಲ್ಲವಾ” ಅಂದರು. ಟ್ಯಾಂಕಿಗೆ ನೀರು ಹಾಕಿಯೇ ಇರಲಿಲ್ಲ ನಾವು!

ಆಮೇಲೆ ಗೊತ್ತಾಯಿತು, ‘ಕೂಲ್’ ಗುಂಡಿ ಒತ್ತಿದರೆ ಆಗುವುದು ಒಂದೇ ಕೆಲಸ. ಕೆಳಗಿರುವ ಅಂಗೈಯಷ್ಟು ಪಂಪು ಶುರುವಾಗಿ ನೀರನ್ನು ಮೇಲೆತ್ತಿ ಪ್ಯಾಡುಗಳ ಮೇಲೆ ಸುರಿಯುತ್ತದೆ. ಅಷ್ಟೇ. ತಂಪು ಮಾಡುವುದು ಗುಂಡಿಯೂ ಅಲ್ಲ, ಪಂಪೂ ಅಲ್ಲ. ಆ ಗುಂಡಿಯ ಹೆಸರು ‘ನೀರು’ ಅಂತ ಇರಬೇಕಿತ್ತು. ಆದರೆ ನೀರು ಅಂತ ಬರೆದರೆ 11,800 ಯಾರು ಕೊಡುತ್ತಾರೆ ಹೇಳಿ.

ಬಳ್ಳಾರಿಯ ಬಿಸಿಲಿನ ಬಗ್ಗೆ ಇಲ್ಲಿಯವರಿಗೆ ಹೇಳುವ ಅಗತ್ಯವಿಲ್ಲ. ಹೊರಗಿನವರಿಗೆ ಹೇಳುವುದಾದರೆ, ನಮ್ಮಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅನ್ನೋ ಹಳೇ ಜೋಕು ಜೋಕೇನಲ್ಲ. ಊರ ನಡುವೆ ಅಷ್ಟು ದೊಡ್ಡ ಬಂಡೆಗುಡ್ಡ ಇದೆಯಲ್ಲ, ಹಗಲೆಲ್ಲ ಕಾದು ರಾತ್ರಿ ಹತ್ತು ಗಂಟೆಯಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಮನೆಯ ಆರ್‌ಸಿಸಿಯದೂ ಅದೇ ಕತೆ. ಮೇ ತಿಂಗಳಲ್ಲಿ ಮೇಲಿನ ಸಿಂಟೆಕ್ಸ್ ನೀರಿನಲ್ಲಿ ಮಧ್ಯಾಹ್ನ ಕೈ ತೊಳೆಯಲು ಹೋದರೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು.

ಮಗ ಎಲ್ಲಿಂದಲೋ ಒಂದು ಪುಟ್ಟ ಡಿಜಿಟಲ್ ಮೀಟರ್ ತಂದಿದ್ದ. ಶಾಖವನ್ನೂ ತೋರಿಸುತ್ತದೆ, ಗಾಳಿಯಲ್ಲಿನ ತೇವವನ್ನೂ ತೋರಿಸುತ್ತದೆ. ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ಹೊರಗೆ ನೆರಳಲ್ಲಿ 42 ಡಿಗ್ರಿ, ತೇವ ಬರೀ 20 ಪರ್ಸೆಂಟ್. ಅದನ್ನೇ ಕೂಲರ್ ಬಾಯಿಗೆ ಹಿಡಿದರೆ 28. ಹದಿನಾಲ್ಕು ಡಿಗ್ರಿ ಇಳಿದಿತ್ತು! ಆ ಹೊತ್ತಿನಲ್ಲಿ ನನ್ನನ್ನು ಕೇಳಿದ್ದರೆ ಐದಕ್ಕೆ ಆರು ಸ್ಟಾರ್ ಕೊಡುತ್ತಿದ್ದೆ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ, ಒಂದು ಲೀಟರ್ ಆವಿಯಾದರೆ ಸುಮಾರು 2,400 ಕಿಲೋಜೂಲ್. ಗಾಳಿ ಒಣಗಿದಷ್ಟೂ ನೀರು ಬೇಗ ಆವಿಯಾಗುತ್ತದೆ. ಗಂಟೆಗೆ ಐದು ಲೀಟರ್ ಆವಿಯಾದರೆ ಹೆಚ್ಚುಕಡಿಮೆ ಒಂದು ಟನ್ ಎ.ಸಿ. ಎಳೆಯುವಷ್ಟು ಶಾಖ ಹೋಗುತ್ತದೆ, ಆದರೆ ಕರೆಂಟು ಬೇಕಾಗಿರುವುದು ಫ್ಯಾನು ತಿರುಗಿಸಲು, ಪಂಪು ಓಡಿಸಲು ಮಾತ್ರ.

ಇದನ್ನೆಲ್ಲ ಮಗ ದೊಡ್ಡ ಸೈನ್ಸ್ ಥರ ವಿವರಿಸುತ್ತಿದ್ದಾಗ ಅತ್ತೆ ಅಡುಗೆಮನೆಯಿಂದಲೇ, “ನಮ್ಮ ಹರವಿ ಮತ್ತೇನ್ ಮಾಡ್ತೈತಪ್ಪ?” ಅಂದರು. ಸರಿ ತಾನೇ. ಮಣ್ಣಿನ ಹರವಿಯ ಮೈಯಿಂದ ನೀರು ಜಿನುಗಿ ಆವಿಯಾಗುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಕುಡತಿನಿ ಕಡೆ ಹೋಗುವಾಗ ಥರ್ಮಲ್ ಪ್ಲಾಂಟಿನ ಕೂಲಿಂಗ್ ಟವರ್ ಕಾಣುತ್ತದಲ್ಲ, ಅದರ ತಲೆಯಿಂದ ಏಳುವ ಬಿಳಿಯದು ಹೊಗೆ ಅಲ್ಲ, ನೀರಿನ ಆವಿ. ಅಲ್ಲಿಯೂ ಇದೇ ಕೆಲಸ. ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದ ಕಾಲದಲ್ಲಂತೂ ಗುಂಡಿಯೂ ಇರಲಿಲ್ಲ, ವಾರಂಟಿಯೂ ಇರಲಿಲ್ಲ.

ಮೊದಲ ವಾರ ನಾವು ಮಾಡಿದ ತಪ್ಪು ಹೇಳುತ್ತೇನೆ, ಬಹಳ ಜನ ಮಾಡುತ್ತಾರೆ. ಊರಿಂದ ನಮ್ಮ ಮಾವ ಬಂದಿದ್ದರು, ಅಂದರೆ ಅಮ್ಮನ ತಮ್ಮ. ತಂಪು ಹೊರಗೆ ಹೋಗುತ್ತದೆ ಅಂತ ರಾತ್ರಿ ಕಿಟಕಿ, ಬಾಗಿಲು ಎಲ್ಲಾ ಹಾಕಿಬಿಟ್ಟರು. ಎರಡು ಗಂಟೆ ಹೊತ್ತಿಗೆ ರೂಮು ಇಡ್ಲಿ ಪಾತ್ರೆ ಆಗಿತ್ತು. ಚಾದರ ಎಲ್ಲ ಜಿಗಿಜಿಗಿ. “ಇದೇನವಾ, ಕೂಲರ್ ಅಂತೀರಿ, ಬಾಣಂತಿ ಕೋಣಿ ಮಾಡೀರಿ” ಅಂತ ಎದ್ದು ಹೋಗಿ ಜಗಲಿ ಮೇಲೆ ಮಲಗಿದರು. ಕೂಲರ್ ಹೊರಗಿನ ಒಣ ಗಾಳಿ ಎಳೆದುಕೊಂಡು ಒದ್ದೆ ಗಾಳಿ ಬಿಡುತ್ತದೆ, ಆ ಒದ್ದೆ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು. ಕೂಲರ್ ಬೆನ್ನು ಕಿಟಕಿಗೆ, ಎದುರಿನ ಕಿಟಕಿ ಅರ್ಧ ತೆರೆದಿರಬೇಕು. ಎ.ಸಿ.ಗೆ ಇದರ ಪೂರಾ ಉಲ್ಟಾ. ಎರಡಕ್ಕೂ ‘ಕೂಲಿಂಗ್’ ಅಂತ ಒಂದೇ ಪದ ಬಳಸಿದ್ದರಿಂದಲೇ ಮಾವ ಮೋಸ ಹೋಗಿದ್ದು ಅಂತ ನನ್ನ ಲೆಕ್ಕ.

ಈ ಪದದ ಮೇಲೆ ಕಣ್ಣಿಡಲು ಶುರುಮಾಡಿದ್ದು ಆವಾಗಲೇ. ನಮ್ಮ ಊರಲ್ಲಿ ಅದು ಎಷ್ಟು ಕೆಲಸ ಮಾಡುತ್ತದೆ ನೋಡಿ. ಸೋಡಾ ಅಂಗಡಿಯಲ್ಲಿ “ಕೂಲಿಂಗ್ ಐತಾ?” ಅಂದರೆ ಫ್ರಿಜ್ಜಿನಲ್ಲಿಟ್ಟದ್ದು ಇದೆಯಾ ಅಂತ. ಅದೇ ಅಂಗಡಿಯವನು ಬಾಟಲಿ ಮೇಲಿನ ಎಂಆರ್‌ಪಿಗಿಂತ ಎರಡು ರೂಪಾಯಿ ಜಾಸ್ತಿ ಕೇಳಿ “ಕೂಲಿಂಗ್ ಚಾರ್ಜು” ಅಂದರೆ ಅದು ಸಂಸ್ಕೃತಿಯಲ್ಲ, ಕಾನೂನಿಗೆ ವಿರುದ್ಧ. ಕೂಲಿಂಗ್ ಗ್ಲಾಸ್ ಕಪ್ಪು ಕನ್ನಡಕ, ಅದರಿಂದ ಯಾರ ಕಣ್ಣೂ ತಣ್ಣಗಾಗಿದ್ದು ನಾನು ಕಂಡಿಲ್ಲ. ಮಗನಿಗೆ “ತಟ್ಟೆ ತೊಳೆದಿಡು” ಅಂದರೆ “ಕೂಲ್ ಅಮ್ಮಾ” ಅನ್ನುತ್ತಾನೆ. ಅಂದರೆ ಸರಿ ಅಂತಲೋ, ತಲೆ ತಿನ್ನಬೇಡ ಅಂತಲೋ, ಇವತ್ತಿಗೂ ನನಗೆ ಗೊತ್ತಿಲ್ಲ. ತಟ್ಟೆಯಂತೂ ಅಲ್ಲೇ ಇರುತ್ತದೆ. ಜೀನ್ಸ್ ಹೊಲಿಯುವುದಕ್ಕೆ ಹೆಸರಾದ ಊರು ನಮ್ಮದು. 42 ಡಿಗ್ರಿಯಲ್ಲಿ ಆ ದಪ್ಪ ಪ್ಯಾಂಟ್ ಹಾಕಿಕೊಂಡು ಬೆವರು ಸುರಿಸುತ್ತಾ ನಿಲ್ಲುವುದಕ್ಕೂ ಕೂಲ್ ಅಂತಲೇ ಹೆಸರು! ನಮ್ಮೂರಿನ ಕೌಲ್ ಬಜಾರ್ ಅನ್ನುವ ಜಾಗಕ್ಕೆ ಹೊರಗಿನಿಂದ ಬಂದ ಒಬ್ಬರು ‘ಕೂಲ್ ಬಜಾರ್’ ಅಂದಿದ್ದನ್ನು ಕೇಳಿದ್ದೇನೆ. ಮೇ ತಿಂಗಳಲ್ಲಿ ಒಂದು ಸುತ್ತು ಹಾಕಿಸಬೇಕಿತ್ತು ಅವರನ್ನು.

ಇಂಗ್ಲಿಷಿನವರಿಗೂ ಇದು ಹಳೇ ಪದವೇ. ಕೂಲ್, ಕೋಲ್ಡ್, ಚಿಲ್ ಮೂರೂ ಒಂದೇ ಬೇರಿನಿಂದ ಬಂದವು. ತಿನ್ನುವ ಜೆಲ್ಲಿ ಕೂಡ ದೂರದ ನೆಂಟ. ಸಿಟ್ಟಾಗದೆ ಇರುವವನು ಕೂಲ್ ಅನ್ನೋ ಅರ್ಥವೂ ಅವರಲ್ಲಿ ಬಹಳ ಹಿಂದಿನದು. ಆದರೆ ‘ಸೂಪರ್’, ‘ಭಾರಿ ಚೆನ್ನಾಗಿದೆ’ ಅನ್ನೋ ಅರ್ಥ ಬಲವಾಗಿದ್ದು ಅಮೆರಿಕದ ಕಪ್ಪು ಜನರ ಮಾತಿನಿಂದ, 1940ರ ದಶಕದ ಜಾಝ್ ಸಂಗೀತಗಾರರಿಂದ. ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಲೆಸ್ಟರ್ ಯಂಗ್ ಈ ಮಾತನ್ನು ಬಳಕೆಗೆ ತಂದವರು ಅಂತ ಹೇಳುವುದುಂಟು. ಅಲ್ಲಿಂದ ಹೊರಟ ಪದ ನನ್ನ ಮಗನ ಬಾಯಿಗೂ, ನಮ್ಮ ಕೂಲರ್ ಡಬ್ಬಕ್ಕೂ ಬಂದು ಕೂತಿದೆ. ಮಗನ ಇನ್ನೊಂದು ಸಂಶೋಧನೆ ಕೇಳಿ, “ಅಮ್ಮಾ, ಅನುಕೂಲದಲ್ಲೂ ಕೂಲ್ ಐತೆ.” ಆ ಕೂಲ ಸಂಸ್ಕೃತದ್ದು ಕಣೋ, ನದಿಯ ದಡ ಅಂತ ಅರ್ಥ, ಅಂದೆ. “ದಡದಲ್ಲಿ ಕೂಲಾಗೇ ಇರುತ್ತಲ್ಲ” ಅಂದ. ಬಿಟ್ಟುಬಿಟ್ಟೆ.

ಒಂದು ವಿಷಯ ಮಾತ್ರ ತಮಾಷೆ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಯಾರನ್ನಾದರೂ ‘ಕೂಲ್’ ಆಗಿ ಬರಮಾಡಿಕೊಂಡರು ಅಂದರೆ ಸರಿಯಾಗಿ ಮಾತಾಡಿಸಲಿಲ್ಲ ಅಂತ ಅರ್ಥ. ಚಳಿ ದೇಶದವರು, ಅವರಿಗೆ ಬೆಚ್ಚಗಿರುವುದೇ ಪ್ರೀತಿ. ನಮ್ಮಲ್ಲಿ ಅತ್ತೆ ಯಾರಿಗಾದರೂ ಹರಸಿದರೆ “ನಿನ್ನ ಹೊಟ್ಟಿ ತಣ್ಣಗಿರಲಿ” ಅನ್ನುತ್ತಾರೆ. ಒಳ್ಳೆಯವರ ನೆನಪು ತೆಗೆದರೆ “ಅವರನ್ನ ತಂಪು ಹೊತ್ತಿನ್ಯಾಗ ನೆನಿಬೇಕು” ಅನ್ನುತ್ತಾರೆ. ತಂಗಾಳಿ ನಮಗೆ ಸುಖ, ರಾತ್ರಿಯ ಅನ್ನ ತಂಗಳು, ಅದು ಬೆಳಿಗ್ಗೆ ಮಜ್ಜಿಗೆ ಜೊತೆ ಇನ್ನೂ ಸುಖ. ತಣಿಯುವುದು ಅಂದರೆ ತಣ್ಣಗಾಗುವುದೂ ಹೌದು, ತೃಪ್ತಿಯಾಗುವುದೂ ಹೌದು. ಕೆಲವು ಪತ್ರಿಕೆಗಳಲ್ಲಿ ‘ಬೆಚ್ಚಗಿನ ಸ್ವಾಗತ’ ಅಂತ ಬರೆಯುತ್ತಾರೆ. ಮೇ ತಿಂಗಳ ಬಳ್ಳಾರಿಯಲ್ಲಿ ರೈಲಿಳಿದವರಿಗೆ ಬೆಚ್ಚಗಿನ ಸ್ವಾಗತ ಕೊಡುವುದಕ್ಕೆ ನಾವು ಏನೂ ಮಾಡಬೇಕಾಗಿಲ್ಲ, ಪ್ಲಾಟ್‌ಫಾರ್ಮೇ ಕೊಡುತ್ತದೆ. ಹಾಗಂತ ಕನ್ನಡದಲ್ಲಿ ತಣ್ಣಗಿನದೆಲ್ಲ ಒಳ್ಳೆಯದೇ ಅಂತೇನಿಲ್ಲ. ಉಪವಾಸ ಇರುವವರ ಹೊಟ್ಟೆಗೆ ತಣ್ಣೀರು ಬಟ್ಟೆ, ಹುಮ್ಮಸ್ಸಿನ ಮೇಲೆ ತಣ್ಣೀರು. ಆದರೂ ಅತ್ತೆಯ ‘ತಂಪು’ ಎಂದೂ ಡಬ್ಬದ ‘ಕೂಲ್’ ಆಗುವುದಿಲ್ಲ. ತಂಪು ಅಂದರೆ ಮೈಗೆ ಗೊತ್ತಾಗಬೇಕು.

ಈಗ ಅಂಗಡಿಯ ಕತೆಗೆ ಬರುತ್ತೇನೆ. ತಂದ ಹತ್ತೊಂಬತ್ತನೇ ದಿನ ಪಂಪು ನಿಂತಿತು. ಫ್ಯಾನು ತಿರುಗುತ್ತಿದೆ, ‘ಕೂಲ್’ ಗುಂಡಿ ಒತ್ತಿದರೆ ಸಣ್ಣ ಹಸಿರು ದೀಪವೂ ಉರಿಯುತ್ತಿದೆ, ಪ್ಯಾಡಿಗೆ ಮಾತ್ರ ನೀರಿಲ್ಲ. ಅಂದರೆ ದೀಪದ ಪ್ರಕಾರ ನಮ್ಮ ಮನೆ ಕೂಲಾಗಿದೆ, ನಾವು ಬೇಯುತ್ತಿದ್ದೇವೆ. ಫೋನ್ ಮಾಡಿದೆ. ಹುಡುಗರು ನಾಳೆ ಬರ್ತಾರೆ ಅಂದರು. ನಾಳೆ ಬಂದು ಹೋಯಿತು, ಹುಡುಗರು ಬರಲಿಲ್ಲ. ಮೂರನೇ ದಿನ ಮಧ್ಯಾಹ್ನ ಬಿಸಿಲಲ್ಲಿ ನಾನೇ ಹೋದೆ. ಬಿಲ್ಲು ತೋರಿಸಿ ಸ್ವಲ್ಪ ಜೋರಾಗಿಯೇ ಕೇಳಿದೆ. ಗಲ್ಲಾದಲ್ಲಿ ಕೂತವರು, ಮೇಲೆ ಎ.ಸಿ. ಓಡುತ್ತಿದೆ, ನಗುತ್ತಾ ಹೇಳಿದರು, “ಕೂಲಾಗ್ರಿ ಅಕ್ಕಾ. ಯಾಕಷ್ಟು ಹೀಟಾಗ್ತೀರಿ?”

“ಕೂಲಾಗಾಕಂತಾನೇ ನಿಮ್ಮತ್ರ ಹನ್ನೊಂದು ಸಾವಿರ ಎಂಟುನೂರು ಕೊಟ್ಟೀನ್ರಿ” ಅಂದೆ.

ಪಕ್ಕದಲ್ಲಿ ಮಿಕ್ಸಿ ನೋಡುತ್ತಿದ್ದ ಗಿರಾಕಿಯೊಬ್ಬರು ಕಿಸಕ್ಕನೆ ನಕ್ಕರು. ಆ ನಗುವಿಗೋ ಏನೋ, ಅವತ್ತೇ ಸಂಜೆ ಹುಡುಗ ಬಂದ. ಪಂಪು ವಾರಂಟಿಯಲ್ಲಿ ಬರಲ್ಲ, ಕಂಪನಿಗೆ ಬರೆಯಬೇಕು, ಹದಿನೈದು ದಿನ ಆಗ್ತದೆ ಅಂದ. ಹದಿನೈದು ದಿನ! ಅಷ್ಟರಲ್ಲಿ ಮೇ ಬಂದಿರುತ್ತದೆ. ಕೊನೆಗೆ ನಮ್ಮ ಓಣಿಯ ಮೋಟಾರ್ ರಿಪೇರಿಯವರು 300 ರೂಪಾಯಿಯ ಪಂಪು ತಂದು ಹತ್ತು ನಿಮಿಷದಲ್ಲಿ ಹಾಕಿಕೊಟ್ಟರು. ಹಳೇ ಪಂಪನ್ನು ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದರು. ಒಳಗಿನ ಪುಟ್ಟ ಚಕ್ರದ ಸುತ್ತ ಬಿಳಿ ಉಪ್ಪು, ಹಲ್ಲಿನ ಮೇಲೆ ಪಾಚಿ ಕಟ್ಟಿದ ಹಾಗೆ. “ಬೋರ್ ನೀರು ಹಾಕಿದ್ರೆ ಹಿಂಗೇ ಅಕ್ಕಾ” ಅಂದರು. ತಪ್ಪಿನಲ್ಲಿ ನಮ್ಮ ಪಾಲೂ ಇದೆ ಅಂತ ಒಪ್ಪಿಕೊಳ್ಳಬೇಕು. ಆದರೆ ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ, ಬಂದಾಗ ಅದನ್ನು ಕುಡಿಯಲು ಇಟ್ಟುಕೊಳ್ಳುತ್ತೇವೆ. ಕೂಲರ್ ಬೋರ್ ನೀರನ್ನೇ ಕುಡಿಯಬೇಕು, ಬೇರೆ ದಾರಿಯಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಈಗ ವಾರಕ್ಕೊಮ್ಮೆ ಟ್ಯಾಂಕು ಪೂರ್ತಿ ಖಾಲಿ ಮಾಡಿ ಉಜ್ಜುತ್ತೇನೆ. ಅದು ಉಪ್ಪಿಗೂ ಬೇಕು, ಡೆಂಗಿ ಸೊಳ್ಳೆಗೂ ಬೇಕು. ನಿಂತ ಶುದ್ಧ ನೀರು ಅಂದರೆ ಅದಕ್ಕೆ ಹಬ್ಬ. ಪ್ಯಾಡಿಗೆ ತಿಂಗಳಿಗೊಮ್ಮೆ ವಿನೆಗರ್ ಬೆರೆಸಿದ ನೀರು. ತೊಳೆಯುವಾಗ, ನೀರು ತುಂಬುವಾಗ ಪ್ಲಗ್ ತೆಗೆದಿರಬೇಕು, ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ.

ಐಸ್ ಚೇಂಬರ್ ಅಂತ ಮೇಲೆ ಒಂದು ಮುಚ್ಚಳ ಇದೆ. ಅದರಲ್ಲಿ ಐಸ್ ತುಂಬಿದರೆ ‘ಐಸ್ ಕೂಲ್’ ಆಗುತ್ತದಂತೆ. ಶುರುವಿನಲ್ಲಿ ಮಗ ದಿನಾ ಎರಡು ಕಿಲೋ ಐಸ್ ತಂದು ಸುರಿಯುತ್ತಿದ್ದ. ಒಂದು ಸಂಜೆ ಲೆಕ್ಕ ಹಾಕಿ ಅವನೇ ಪೆಚ್ಚಾದ. ಎರಡು ಕಿಲೋ ಐಸ್ ಪೂರಾ ಕರಗಿದರೂ ಅದು ಹೀರುವ ಶಾಖ, ಕಾಲು ಲೀಟರಿಗಿಂತ ಚೂರು ಜಾಸ್ತಿ ನೀರು ಆವಿಯಾದರೆ ಹೀರುವಷ್ಟೇ. ಅಂದರೆ ಕೂಲರ್ ಮೂರ್ನಾಲ್ಕು ನಿಮಿಷ ಸುಮ್ನೆ ಓಡಿದರೆ ಆಗುವ ಕೆಲಸ. ಆವತ್ತಿಂದ ಐಸು ಲಿಂಬು ಶರಬತ್ತಿಗೆ ಹೋಗುತ್ತಿದೆ, ಅಲ್ಲಿ ಅದಕ್ಕೆ ಮರ್ಯಾದೆ ಇದೆ.

ಕರೆಂಟಿನ ವಿಷಯದಲ್ಲಿ ಇದರ ಮೇಲೆ ನನ್ನ ದೂರಿಲ್ಲ. ರಾತ್ರಿ ಹತ್ತು ಗಂಟೆ ಓಡಿದರೂ ಎರಡು ಯೂನಿಟ್ ದಾಟುವುದಿಲ್ಲ. ಒಂದೂವರೆ ಟನ್ ಎ.ಸಿ. ಪೂರಾ ಜೋರಿನಲ್ಲಿ ಓಡುವಾಗ ಗಂಟೆಗೇ ಒಂದೂವರೆ ಯೂನಿಟ್ ಹತ್ತಿರ ಎಳೆಯುತ್ತದೆ. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಬಂದ ಮೇಲೆ ನಮ್ಮಂಥ ಮನೆಗಳಲ್ಲಿ 200 ಯೂನಿಟ್ ಅನ್ನುವುದು ಲಕ್ಷ್ಮಣರೇಖೆ. ಎ.ಸಿ. ತಂದರೆ ಬೇಸಿಗೆಯಲ್ಲಿ ಅದನ್ನು ದಾಟಿ ಪೂರಾ ಬಿಲ್ಲು ಕಟ್ಟಬೇಕು. ನಮ್ಮ ಮನೆಯವರು ಮೀಟರ್ ಮುಂದೆ ನಿಂತು ಲೆಕ್ಕ ಹಾಕಿದ ಮೇಲೆಯೇ ಕೂಲರ್ ಅಂತ ತೀರ್ಮಾನ ಆಗಿದ್ದು. ಕರೆಂಟು ಹೋದರೆ ಇನ್ವರ್ಟರ್ ಮೇಲೂ ಓಡುತ್ತದೆ, ಆದರೆ ನಮ್ಮ ಹಳೇ ಬ್ಯಾಟರಿ ಎರಡೂವರೆ ಗಂಟೆಗೇ ಕೈ ಎತ್ತುತ್ತದೆ. ನೀರು ಮಾತ್ರ ಬೇಕಾದಷ್ಟು ಬೇಕು. ಸಂಜೆ ತುಂಬಿಸಿದ 75 ಲೀಟರ್ ಬೆಳಿಗ್ಗೆ ಹೊತ್ತಿಗೆ ತಳ ಕಾಣುತ್ತದೆ. ಸದ್ದು ಜಾಸ್ತಿ. ಜೋರಿನಲ್ಲಿಟ್ಟರೆ ಟಿವಿ ಕೇಳಿಸುವುದಿಲ್ಲ, ಧಾರಾವಾಹಿಯ ಹೊತ್ತಿಗೆ ಅತ್ತೆ ಅದನ್ನು ತಾವೇ ಆಫ್ ಮಾಡುತ್ತಾರೆ.

ಜೂನ್ ಎರಡನೇ ವಾರದಿಂದ ಕತೆ ಬೇರೆಯಾಯಿತು. ಒಂದು ದಿನ ಮೀಟರ್ ನೋಡಿದರೆ ಹೊರಗೆ 33 ಡಿಗ್ರಿ, ತೇವ 70 ಪರ್ಸೆಂಟ್. ಕೂಲರ್ ಬಾಯಲ್ಲಿ 30. ಮೂರೇ ಡಿಗ್ರಿ, ಜೊತೆಗೆ ಮೈಯೆಲ್ಲ ಅಂಟು. ಗಾಳಿಯಲ್ಲೇ ನೀರಿರುವಾಗ ಪ್ಯಾಡಿನ ನೀರು ಎಲ್ಲಿಗೆ ಹೋಗಬೇಕು? ಇದನ್ನು ಡಬ್ಬದ ಮೇಲಿನ ಹದಿನಾಲ್ಕು ಕೂಲ್‌ಗಳಲ್ಲಿ ಒಂದೂ ಹೇಳಲಿಲ್ಲ, ಗಲ್ಲಾದಲ್ಲಿ ಕೂತವರೂ ಹೇಳಲಿಲ್ಲ. ಮಳೆಗಾಲದಲ್ಲಿ ‘ಕೂಲ್’ ಗುಂಡಿ ಒತ್ತದೆ ಬರೀ ಫ್ಯಾನಿನ ಹಾಗೆ ಬಳಸಿ, ಅದೇ ವಾಸಿ. ಮಂಗಳೂರು, ಕಾರವಾರದ ಕಡೆಯ ನೆಂಟರು ನೋಡಿ ಆಸೆಪಟ್ಟರೆ ಬೇಡ ಅಂತ ಹೇಳಿಬಿಡಿ. ಇದು ಬಳ್ಳಾರಿ, ರಾಯಚೂರು, ಕಲಬುರಗಿಯಂಥ ಒಣ ಬಿಸಿಲಿನ ಊರಿಗೆ ಹೇಳಿ ಮಾಡಿಸಿದ ಸಾಮಾನು. ಅಲ್ಲಿಯೂ ಮಾರ್ಚಿನಿಂದ ಜೂನ್ ಮೊದಲ ವಾರದವರೆಗೆ.

ಸ್ಟಾರ್ ಕೊಡಲೇಬೇಕು ಅಂದರೆ ಕೂಲರಿಗೆ ಏಪ್ರಿಲ್ ಲೆಕ್ಕದಲ್ಲಿ ನಾಲ್ಕೂವರೆ, ಜುಲೈ ಲೆಕ್ಕದಲ್ಲಿ ಒಂದು. ಅಂಗಡಿಗೆ ಒಂದೂವರೆ, ಆ ಅರ್ಧ ಸಂಜೆ ಬಂದ ಹುಡುಗನ ಸಲುವಾಗಿ. ಓಣಿಯ ರಿಪೇರಿಯವರಿಗೆ ಐದು. ಅವರನ್ನು ತಂಪು ಹೊತ್ತಿನಲ್ಲೇ ನೆನೆಯಬೇಕು.

ಹೋದ ವಾರ ಪ್ಯಾಡು ಬಿಸಿಲಿಗೆ ಒಣಗಿಸಿ, ಟ್ಯಾಂಕು ಒರೆಸಿ, ಮೇಲೆ ಹಳೇ ಚಾದರ ಹೊದಿಸುವ ಮುಂಚೆ ಮಗ ಒಂದು ಕೆಲಸ ಮಾಡಿದ. ಅಜ್ಜಿಗೆ ಬರುವ ವರ್ಷ ಗೊಂದಲ ಆಗದಿರಲಿ ಅಂತ ‘ಕೂಲ್’ ಮೇಲೆ ಒಂದು ಚೂರು ಕಾಗದ ಅಂಟಿಸಿ ‘ತಂಪು’ ಅಂತ ಬರೆದ. ಅತ್ತೆ ಕನ್ನಡಕ ಸರಿಮಾಡಿಕೊಂಡು ಓದಿದರು.

“ಅದನ್ನ ಕೀಳು” ಅಂದರು. “ನೀರು ಅಂತ ಬರಿ. ತಂಪು ಆತೋ ಇಲ್ಲೋ ನಾನು ಹೇಳ್ತೀನಿ.”